ನಿಂತ ನೆಲೆಯ ಸತ್ಯ

ವೈಡ್ ಆ್ಯಂಗಲ್ ಲೆನ್ಸಿನ ಮೇಲೆ ಹಳೆಯದೊಂದು ಆರೋಪವಿದೆ: ಅದು ಸುಳ್ಳು ಹೇಳುತ್ತದೆ. ಇಕ್ಕಟ್ಟಾದ ಕೋಣೆಯನ್ನು ಸಭಾಂಗಣದಂತೆ ತೋರಿಸುತ್ತದೆ, ಗುಂಪಿನ ಅಂಚಿಗೆ ನಿಂತವರ ಮುಖವನ್ನು ಎಳೆದು ಅಗಲ ಮಾಡುತ್ತದೆ, ಹತ್ತಿರದ ಮೂಗನ್ನು ಉಬ್ಬಿಸಿ ಕಿವಿಗಳನ್ನು ಹಿಂದಕ್ಕೆ ಸರಿಸುತ್ತದೆ, ನೆಟ್ಟಗೆ ನಿಂತ ಕಂಬಗಳನ್ನು ಒಂದರತ್ತ ಒಂದು ವಾಲಿಸುತ್ತದೆ. ಹಿಂದೆ ಈ ಆರೋಪ ಕೆಲವೇ ವೃತ್ತಿಪರರಿಗೆ ತಟ್ಟುತ್ತಿತ್ತು. ಈಗ ಹಾಗಿಲ್ಲ. 2022ರಲ್ಲಿ ಸೋನಿ ಹೊರತಂದ 16–35 ಮಿ.ಮೀ. ಪವರ್ ಜೂಮ್ ಲೆನ್ಸಿನ ತೂಕ ಬರೀ 353 ಗ್ರಾಂ. ಫೋಟೊಗೂ ವಿಡಿಯೊಗೂ ಒದಗುವ, ಜೂಮ್ ಮಾಡಿದರೂ ಉದ್ದ ಬದಲಾಗದ ಈ ಪುಟ್ಟ ಕೊಳವೆಯ ಉಂಗುರವನ್ನು ಒಂದಿಷ್ಟು ತಿರುಗಿಸಿದರೆ, ಕರ್ಣದ ಅಳತೆಯಲ್ಲಿ 107 ಡಿಗ್ರಿ ಇದ್ದ ನೋಟ 63 ಡಿಗ್ರಿಗೆ ಇಳಿಯುತ್ತದೆ. ಲೋಕ ಎಷ್ಟು ಅಗಲವಾಗಿ ಕಾಣಬೇಕೆಂಬ ತೀರ್ಮಾನ ಇಷ್ಟು ಹಗುರವಾಗಿ ಕೈಗೆ ಬಂದಿರುವಾಗ, ಈ ತೋರಿಕೆಗಳಲ್ಲಿ ನಿಜವಾದದ್ದು ಯಾವುದು ಎಂದು ಕೇಳಲೇಬೇಕಾಗುತ್ತದೆ. ಇದು ಉಪಕರಣದ ಗುಣದೋಷದ ಪ್ರಶ್ನೆಯಂತೆ ಕಂಡರೂ ಬುಡದಲ್ಲಿ ಜ್ಞಾನದ ಪ್ರಶ್ನೆ: ಒಂದು ಕಡೆ ನಿಂತು ನೋಡಿದವರು ಕಂಡದ್ದನ್ನು ಸತ್ಯ ಎನ್ನುವುದು ಯಾವಾಗ? ನನ್ನ ವಾದ ಇಷ್ಟು. ಲೆನ್ಸು ಸುಳ್ಳು ಹೇಳುವುದಿಲ್ಲ. ನಿಂತ ನೆಲೆಯನ್ನು ಮರೆಮಾಚಿ, ಅಲ್ಲಿಂದ ಕಂಡದ್ದನ್ನೇ ಪೂರ್ಣವೆಂದು ಮುಂದಿಟ್ಟಾಗ ಸುಳ್ಳು ಹುಟ್ಟುತ್ತದೆ. ಈ ಭೇದವನ್ನು ಅತ್ಯಂತ ನಿಖರವಾಗಿ ಹೇಳಿದವರು ಜೈನ ತಾರ್ಕಿಕರು. ಪ್ರತಿ ತೋರಿಕೆಯೂ ಒಂದು ನೆಲೆಯಿಂದ ನಿಜವೆನ್ನುವ ಅವರ ನಯವಾದಕ್ಕೆ ಛಾಯಾಚಿತ್ರದ ಜ್ಯಾಮಿತಿಗಿಂತ ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ.

ಮೊದಲಿಗೆ ಬಹುಮಂದಿ ನಂಬಿರುವ ಒಂದು ಮಾತನ್ನು ಪಕ್ಕಕ್ಕಿಡಬೇಕು. ಹತ್ತಿರದ್ದು ದೊಡ್ಡದಾಗಿ, ದೂರದ್ದು ತೀರ ಚಿಕ್ಕದಾಗಿ ಕಾಣುವುದಕ್ಕೆ ವೈಡ್ ಲೆನ್ಸು ಕಾರಣವೆಂದು ಹೇಳುತ್ತಾರೆ. ಪರೀಕ್ಷಿಸುವುದು ಸುಲಭ. ಕ್ಯಾಮೆರಾವನ್ನು ಒಂದೇ ಕಡೆ ಇಟ್ಟು 16 ಮಿ.ಮೀ.ನಲ್ಲಿ ಒಂದು ಚಿತ್ರ, 35ರಲ್ಲಿ ಇನ್ನೊಂದು ಚಿತ್ರ ತೆಗೆಯಿರಿ. ಮೊದಲನೆಯದರ ನಡುಭಾಗವನ್ನು ಕತ್ತರಿಸಿ ಎರಡನೆಯದರ ಅಳತೆಗೆ ಹಿಗ್ಗಿಸಿ. ಸೂಕ್ಷ್ಮ ವಿವರಗಳಲ್ಲಿ ಅದು ಸೋಲುತ್ತದೆ. ಆದರೆ ವಸ್ತುಗಳ ನಡುವಿನ ಅಳತೆಯ ಅನುಪಾತ ಎರಡರಲ್ಲೂ ಒಂದೇ. ಮರಕ್ಕೆ ಮನೆ ಎಷ್ಟು, ಮನೆಗೆ ಬೆಟ್ಟ ಎಷ್ಟು ಎಂಬುದನ್ನು ತೀರ್ಮಾನಿಸುವುದು ಕ್ಯಾಮೆರಾ ನಿಂತ ಜಾಗ ಮಾತ್ರ. ಅಂದರೆ ಜೂಮ್ ಉಂಗುರ ದೃಷ್ಟಿಕೋನವನ್ನು ಬದಲಿಸುವುದಿಲ್ಲ, ಚೌಕಟ್ಟನ್ನು ಬದಲಿಸುತ್ತದೆ. ದೃಷ್ಟಿಕೋನವನ್ನು ಬದಲಿಸುವುದು ಕಾಲುಗಳು. ಹಿಚ್‌ಕಾಕ್ 1958ರ ‘ವರ್ಟಿಗೊ’ ಚಿತ್ರದಲ್ಲಿ ಇವೆರಡನ್ನೂ ಬೇರ್ಪಡಿಸಿ ತೋರಿಸಿದರು: ಕ್ಯಾಮೆರಾ ಒಂದು ದಿಕ್ಕಿಗೆ ಚಲಿಸುತ್ತದೆ, ಜೂಮ್ ಅದಕ್ಕೆ ಎದುರಾಗಿ ತಿರುಗುತ್ತದೆ, ಚೌಕಟ್ಟು ಬಹುಪಾಲು ಹಾಗೆಯೇ ಉಳಿದಿರುವಾಗ ಮೆಟ್ಟಿಲುಬಾವಿಯ ಆಳ ಮಾತ್ರ ಕಣ್ಣೆದುರೇ ಹಿಗ್ಗುತ್ತದೆ. ನಮಗೆ ಆಗುವ ತಲೆಸುತ್ತು ಗಾಜಿನಿಂದ ಬಂದದ್ದಲ್ಲ, ನಿಂತ ನೆಲೆ ಸರಿದದ್ದರಿಂದ ಬಂದದ್ದು.

ಹಾಗಾದರೆ ಅಂಚಿನಲ್ಲಿ ಹಿಗ್ಗುವ ಮುಖಗಳ ಕಥೆ ಏನು? ಇಲ್ಲಿ ಆರೋಪಕ್ಕೆ ನಿಜವಾದ ಬಲವಿದೆ. ನೇರ ಗೆರೆಯನ್ನು ನೇರವಾಗಿಯೇ ಇಡುವ ಲೆನ್ಸು, 16 ಮಿ.ಮೀ.ನಲ್ಲಿ ಚಿತ್ರದ ಮೂಲೆಗೆ ಬಿದ್ದ ಚೆಂಡನ್ನು ಅದರ ಅಡ್ಡಳತೆಗಿಂತ ಸುಮಾರು 1.7 ಪಟ್ಟು ಉದ್ದವಾದ ಮೊಟ್ಟೆಯಾಕಾರಕ್ಕೆ ಎಳೆಯುತ್ತದೆ. ಆದರೆ ಅದೇ ಚಿತ್ರವನ್ನು ಸರಿಯಾದ ಜಾಗದಿಂದ ನೋಡಿದರೆ ಆ ಮೊಟ್ಟೆ ಮತ್ತೆ ಚೆಂಡಾಗುತ್ತದೆ. 36 ಮಿ.ಮೀ. ಅಗಲದ ಸೆನ್ಸರಿನ ಮೇಲೆ 16 ಮಿ.ಮೀ. ಲೆನ್ಸು ಮೂಡಿಸಿದ ಚಿತ್ರಕ್ಕೆ ಸರಿಯಾದ ದೂರವೆಂದರೆ ಚಿತ್ರದ ಅಗಲದ ಅರ್ಧಕ್ಕಿಂತಲೂ ಕಡಿಮೆ, 0.44 ಪಾಲು. ಮೂರು ಮೀಟರ್ ಅಗಲದ ಗೋಡೆಯ ಮೇಲೆ ಅದನ್ನು ಮೂಡಿಸಿ 1.3 ಮೀಟರ್ ದೂರದಲ್ಲಿ, ಒಂದು ಕಣ್ಣು ಮುಚ್ಚಿ, ನಡುವಿನ ಬಿಂದುವಿಗೆ ಎದುರಾಗಿ ನಿಂತರೆ, ಮೂಲೆಯನ್ನು ನಾವು ಓರೆಯಾಗಿ ನೋಡುತ್ತೇವೆ. ಆ ಓರೆ ಹಿಗ್ಗಿದ ಆಕಾರವನ್ನು ಕುಗ್ಗಿಸಿ ಮೊದಲಿನಂತೆ ಮಾಡುತ್ತದೆ. 15 ಸೆಂ.ಮೀ. ಅಗಲದ ಮೊಬೈಲ್ ಪರದೆಯಲ್ಲಿ ಇದೇ ದೂರ 6.7 ಸೆಂ.ಮೀ. ಅಷ್ಟು ಹತ್ತಿರದ್ದನ್ನು ಸಾಮಾನ್ಯ ಕಣ್ಣು ಸ್ಪಷ್ಟವಾಗಿ ನೋಡಲಾರದು. ನಾವು ಅದನ್ನು 30 ಸೆಂ.ಮೀ. ಆಚೆ ಹಿಡಿದು ನೋಡುತ್ತೇವೆ. ದೂರ ನಾಲ್ಕೂವರೆ ಪಟ್ಟಾದಾಗ ಚಿತ್ರದೊಳಗಿನ ಆಳವೂ ಜ್ಯಾಮಿತಿಯ ಲೆಕ್ಕದಲ್ಲಿ ಅಷ್ಟೇ ಪಟ್ಟು ಹಿಗ್ಗುತ್ತದೆ. ಇಕ್ಕಟ್ಟಿನ ಕೋಣೆ ಸಭಾಂಗಣವಾಗುವುದು ಹೀಗೆ. 15ನೇ ಶತಮಾನದ ಆರಂಭದಲ್ಲಿ ಫ್ಲಾರೆನ್ಸಿನ ಬ್ರುನೆಲೆಸ್ಕಿಗೆ ಇದು ಸ್ಪಷ್ಟವಾಗಿ ತಿಳಿದಿತ್ತು. ಊರಿನ ಬ್ಯಾಪ್ಟಿಸ್ಟ್ರಿಯನ್ನು ಹಲಗೆಯ ಮೇಲೆ ಬರೆದ ಆತ, ನೋಡುಗರು ಹಲಗೆಯ ಹಿಂದಿನಿಂದ ಒಂದು ರಂಧ್ರಕ್ಕೆ ಕಣ್ಣಿಟ್ಟು, ಎದುರಿಗೆ ಹಿಡಿದ ಕನ್ನಡಿಯಲ್ಲಿ ಚಿತ್ರವನ್ನು ಕಾಣುವಂತೆ ಮಾಡಿದ. ಚಿತ್ರ ಯಾವ ನೆಲೆಯಿಂದ ನಿಜವೋ ಆ ನೆಲೆಯನ್ನೂ ಚಿತ್ರದ ಭಾಗವಾಗಿಸಿದ. ಪರ್ಸ್ಪೆಕ್ಟಿವ್ ಕಲೆಯ ಚರಿತ್ರೆಯಲ್ಲಿ ಇಷ್ಟು ಪ್ರಾಮಾಣಿಕವಾದ ಕೃತಿ ಇನ್ನೊಂದಿಲ್ಲ ಎಂದೇ ನನಗೆ ತೋರುತ್ತದೆ. ಆ ಹಲಗೆ ಉಳಿದಿಲ್ಲ. ನಂತರ ಬಂದ ಚಿತ್ರಗಳು ರಂಧ್ರವನ್ನು ಕೈಬಿಟ್ಟವು, ಚೌಕಟ್ಟನ್ನಷ್ಟೇ ಉಳಿಸಿಕೊಂಡವು.

ಆಕ್ಷೇಪ ಬರುತ್ತದೆ: ಲೆಕ್ಕ ಏನೇ ಇರಲಿ, ಮನುಷ್ಯನ ಕಣ್ಣು ಕಾಣುವಂತೆ ತೋರಿಸುವುದೇ ನಿಜ, ಅದಕ್ಕೆಂದೇ 50 ಮಿ.ಮೀ. ಲೆನ್ಸನ್ನು ‘ನಾರ್ಮಲ್’ ಎನ್ನುತ್ತಾರಲ್ಲ. ಈ ವಾದ ಮೇಲುನೋಟಕ್ಕೆ ಗಟ್ಟಿ. ಆದರೆ 50 ಮಿ.ಮೀ. ಅಷ್ಟು ಪ್ರತಿಷ್ಠೆ ಪಡೆದದ್ದರಲ್ಲಿ 1925ರಲ್ಲಿ ಮಾರುಕಟ್ಟೆಗೆ ಬಂದ ಲೈಕಾ ಕ್ಯಾಮೆರಾದ ಪಾಲು ದೊಡ್ಡದು. ಆ ಚೌಕಟ್ಟಿನ ಕರ್ಣವೇ 43 ಮಿ.ಮೀ. ಚಿಲ್ಲರೆ. ಮೇಲಿನ ಲೆಕ್ಕವನ್ನೇ ತಿರುಗಿಸಿ ಹಾಕಿದರೆ, 30 ಸೆಂ.ಮೀ. ದೂರ ಹಿಡಿದ ಮೊಬೈಲಿನಲ್ಲಿ ‘ಸಹಜ’ವಾಗಿ ಕಾಣಬೇಕಾದ ಚಿತ್ರವನ್ನು ತೆಗೆಯಬೇಕಾದದ್ದು 72 ಮಿ.ಮೀ. ಲೆನ್ಸಿನಿಂದ. ಸಹಜತೆ ಇಲ್ಲಿ ಪರದೆಯ ಅಳತೆಗೂ ತೋಳಿನ ಉದ್ದಕ್ಕೂ ಕಟ್ಟುಬಿದ್ದಿದೆ. ಇನ್ನು ಕಣ್ಣು ತಾನೇ ಕಾಣುವುದು ಹೇಗೆ? ಅಕ್ಷಿಪಟದ ಮೇಲೆ ಚಿತ್ರ ತಲೆಕೆಳಗಾಗಿ ಬೀಳುತ್ತದೆಂದು ಕೆಪ್ಲರ್ 1604ರಲ್ಲೇ ಬರೆದ. ನಾವು ನಿಜಕ್ಕೂ ಚೂಪಾಗಿ ಕಾಣುವುದು ನಡುವಿನ ಒಂದೆರಡು ಡಿಗ್ರಿಗಳಷ್ಟನ್ನು ಮಾತ್ರ. ಉಳಿದದ್ದೆಲ್ಲ ಮಸುಕು, ನರವು ಹೊರಡುವ ಜಾಗದಲ್ಲಂತೂ ಕುರುಡು. ಕಣ್ಣು ಸತತವಾಗಿ ಅಲೆದಾಡಿ ಆಯ್ದು ತಂದದ್ದನ್ನು ಮಿದುಳು ಒಂದು ವಿಶಾಲವಾದ, ಸ್ಥಿರವಾದ ದೃಶ್ಯವಾಗಿ ಕಟ್ಟಿಕೊಡುತ್ತದೆ. ಕಣ್ಣನ್ನು ನ್ಯಾಯಾಧೀಶನ ಪೀಠದಲ್ಲಿ ಕೂರಿಸುವವರು ಅದೂ ಒಂದು ನೆಲೆಯಿಂದ ನೋಡುವ ಸಾಕ್ಷಿಯೇ ಎಂಬುದನ್ನು ಮರೆಯುತ್ತಾರೆ.

ಇದಕ್ಕಿಂತ ಆಳವಾದ ಕಾರಣವೂ ಒಂದಿದೆ. ನಮ್ಮ ಸುತ್ತಲಿನ ದಿಕ್ಕುಗಳೆಲ್ಲ ಸೇರಿ ಒಂದು ಗೋಲ, ಚಿತ್ರವೋ ಚಪ್ಪಟೆ. ಗೋಲದ ಮೈಯನ್ನು ಅಳತೆಗಳೆಲ್ಲ ಕೆಡದಂತೆ ಚಪ್ಪಟೆ ಮಾಡಲು ಸಾಧ್ಯವೇ ಇಲ್ಲವೆಂಬುದು ಜರ್ಮನಿಯ ಗಣಿತಜ್ಞ ಗೌಸ್ 1828ರಲ್ಲಿ ಪ್ರಕಟಿಸಿದ ಪ್ರಮೇಯದ ಫಲ. ನಕಾಶೆ ಬರೆಯುವವರನ್ನು ಕಾಡುವ ಈ ಅಸಾಧ್ಯತೆಯೇ ಛಾಯಾಗ್ರಾಹಕರನ್ನೂ ಕಾಡುತ್ತದೆ. ನೇರ ಗೆರೆಗಳನ್ನು ನೇರವಾಗಿ ಉಳಿಸಿಕೊಂಡರೆ ಅಂಚಿನ ಮುಖಗಳು ಹಿಗ್ಗುತ್ತವೆ. ಮುಖಗಳ ದುಂಡಗಿನ ಆಕಾರ ಉಳಿಸಿಕೊಂಡರೆ ಗೋಡೆ ಕಂಬಗಳು ಬಾಗುತ್ತವೆ. ಎರಡನ್ನೂ ಒಟ್ಟಿಗೆ ಉಳಿಸುವ ಲೆನ್ಸನ್ನು ಯಾವ ಕಾರ್ಖಾನೆಯೂ ಎಂದಿಗೂ ಮಾಡಲಾರದು. ಕೊರತೆ ಇರುವುದು ಕೌಶಲದಲ್ಲಲ್ಲ, ಸಾಧ್ಯತೆಯಲ್ಲೇ. ರಾಫೆಲ್‌ಗೆ ಇದು ಗೊತ್ತಿತ್ತು. ‘ಸ್ಕೂಲ್ ಆಫ್ ಅಥೆನ್ಸ್’ ಭಿತ್ತಿಚಿತ್ರದ ಕಟ್ಟಡವನ್ನು ಕಟ್ಟುನಿಟ್ಟಾದ ಪರ್ಸ್ಪೆಕ್ಟಿವ್‌ನಲ್ಲಿ ಬರೆದ ಅವನು, ಬಲ ಅಂಚಿನ ಬಳಿ ಟಾಲೆಮಿಯೂ ಝರತುಷ್ಟ್ರನೂ ಹಿಡಿದ ಗೋಳಗಳನ್ನು ಮಾತ್ರ ನಿಯಮ ಬಯಸುವ ಮೊಟ್ಟೆಯಾಕಾರದಲ್ಲಿ ಬರೆಯದೆ ಶುದ್ಧ ವೃತ್ತಗಳಾಗಿ ಬರೆದ. ಕಟ್ಟಡಕ್ಕೆ ಒಂದು ನೆಲೆ, ಗೋಳಗಳಿಗೆ ಮತ್ತೊಂದು. ಜೈನರ ಏಳು ಬಗೆಯ ಹೇಳಿಕೆಗಳ ಕ್ರಮವಾದ ಸಪ್ತಭಂಗಿಯನ್ನು ಬಲ್ಲವರಿಗೆ ಇಲ್ಲಿ ‘ಅವಕ್ತವ್ಯ’ದ, ಅಂದರೆ ಹೇಳಲಾಗದ್ದರ, ನೆನಪಾಗದಿರದು. ಇದೆ ಎನ್ನಬಹುದು, ಇಲ್ಲ ಎನ್ನಬಹುದು, ಕ್ರಮವಾಗಿ ಎರಡನ್ನೂ ಹೇಳಬಹುದು, ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಹೊರಟರೆ ಮಾತು ಸೋಲುತ್ತದೆ. ಮಾತಿಗೆ ಇರುವ ಈ ಮಿತಿಯನ್ನೇ ಚಪ್ಪಟೆ ಚಿತ್ರದಲ್ಲಿ ಗಣಿತ ತೋರಿಸಿಕೊಡುತ್ತದೆ. ಆನೆಯನ್ನು ಮುಟ್ಟಿ ಜಗಳವಾಡಿದ ಕುರುಡರ ಕಥೆಯನ್ನು ಇಂಥ ಕಡೆ ಎಲ್ಲರೂ ತರುತ್ತಾರೆ. ನನಗೆ ಅದು ಸಾಲದು ಅನಿಸುತ್ತದೆ. ಆ ಕಥೆಯಲ್ಲಿ ಇಡೀ ಆನೆಯನ್ನು ಕಾಣುವ ಒಬ್ಬ ಕಣ್ಣುಳ್ಳವನು ಪಕ್ಕದಲ್ಲೇ ನಿಂತಿದ್ದಾನೆ. ಚಿತ್ರಗಳ ಲೋಕದಲ್ಲಿ ಅಂಥವನಿಗೆ ಜಾಗವಿಲ್ಲ. ಕೇವಲಜ್ಞಾನಿಗೆ ಎಲ್ಲವೂ ಒಮ್ಮೆಗೇ ತಿಳಿಯುತ್ತದೆಂದು ಜೈನರು ಒಪ್ಪಿದರೂ, ಆ ತಿಳಿವು ಮಾತಾಗಿ ಹೊರಬರುವಾಗ ‘ಸ್ಯಾತ್’, ಅಂದರೆ ‘ಒಂದು ನೆಲೆಯಿಂದ’, ಎಂಬ ಮಿತಿಯನ್ನು ಹೊತ್ತೇ ಬರಬೇಕೆಂದರು.

ಈ ವಿಚಾರ ಶ್ರವಣಬೆಳಗೊಳದ ವಿಂಧ್ಯಗಿರಿಯ ಮೇಲೆ ಕಲ್ಲಿನಷ್ಟೇ ಗಟ್ಟಿಯಾಗಿ ಎದುರಾಗುತ್ತದೆ. ಸುಮಾರು 58 ಅಡಿ ಎತ್ತರದ ಗೊಮ್ಮಟನ ಸುತ್ತ 12ನೇ ಶತಮಾನದಲ್ಲಿ ಹೊಯ್ಸಳ ದಂಡನಾಯಕ ಗಂಗರಾಜ ಸುತ್ತಾಲಯ ಕಟ್ಟಿಸಿದ. ಅದರ ಒಳಗೆ ನಿಂತವರು ಬೇಕಾದಷ್ಟು ಹಿಂದೆ ಸರಿಯಲಾರರು. ಅಗಲ ಕೋನದ ಲೆನ್ಸು ಅಲ್ಲಿ ಅನಿವಾರ್ಯ. ಪಾದದಿಂದ ಹತ್ತು ಮೀಟರ್ ದೂರದಲ್ಲಿ ಕ್ಯಾಮೆರಾ ಇಟ್ಟರೆ ಪಾದ ಹತ್ತು ಮೀಟರಿನಲ್ಲಿದೆ, ತಲೆ ಸುಮಾರು ಹತ್ತೊಂಬತ್ತು ಮೀಟರಿನಲ್ಲಿದೆ. ಕ್ಯಾಮೆರಾವನ್ನು ಮೇಲಕ್ಕೆ ವಾಲಿಸಿ ತೆಗೆದರೆ ದೂರದ ಮುಖ ಪುಟ್ಟದಾಗಿ, ಕಾಲುಗಳು ಭಾರಿಯಾಗಿ, ಮೈ ಮೇಲೆ ಹೋಗುತ್ತ ಕಿರಿದಾಗುತ್ತದೆ. ಇದನ್ನು ಕಂಡವರು ಲೆನ್ಸು ಮೂರ್ತಿಯನ್ನು ಕೆಡಿಸಿತು ಎನ್ನುತ್ತಾರೆ. ಇನ್ನು ನಾಲ್ಕೈದು ಮೀಟರ್ ಹಿಂದೆ ಸರಿಯಲು ಎಡೆಯಿರುವ ಕಡೆ, ಅದೇ 16 ಮಿ.ಮೀ. ಲೆನ್ಸನ್ನು ಲಂಬವಾಗಿ ಹಿಡಿದು, ವಾಲಿಸದೆ ಮಟ್ಟಸವಾಗಿ ಇಟ್ಟರೆ ತಲೆಯ ತುದಿಯೂ ಚೌಕಟ್ಟಿನೊಳಗೆ ಬರುತ್ತದೆ. ಸೆನ್ಸರು ಮೂರ್ತಿಗೆ ಸಮಾನಾಂತರವಾಗಿರುವುದರಿಂದ ಪಾದಕ್ಕೂ ಮುಖಕ್ಕೂ ಒಂದೇ ಅಳತೆ ಸಿಗುತ್ತದೆ, ಶಿಲ್ಪಿ ಕಡೆದ ಪ್ರಮಾಣಗಳು ಮರಳಿ ಬರುತ್ತವೆ. ಆದರೂ ಒಂದು ಕುರುಹು ಅಳಿಸುವುದಿಲ್ಲ: ಆ ಸಮಪ್ರಮಾಣದ ಚಿತ್ರದಲ್ಲೂ ನಮಗೆ ಕಾಣುವುದು ಗೊಮ್ಮಟನ ಗಲ್ಲದ ಕೆಳಭಾಗ, ಮೂಗಿನ ಹೊಳ್ಳೆಗಳ ಅಡಿ. ಎಷ್ಟೇ ಜಾಣತನದಿಂದ ಚಿತ್ರವನ್ನು ನೆಟ್ಟಗೆ ಮಾಡಿದರೂ ನೋಡಿದವರು ಕೆಳಗೆ ನಿಂತಿದ್ದರು ಎಂಬ ಸತ್ಯವನ್ನು ಚಿತ್ರ ಬಿಟ್ಟುಕೊಡುವುದಿಲ್ಲ. ವಾಲಿದ ಚಿತ್ರ ಹೇಳುವುದು ಎತ್ತರವನ್ನು, ಪಾದದ ಬಳಿ ನಿಂತವರ ಅಲ್ಪತೆಯನ್ನು. ಮಟ್ಟಸ ಚಿತ್ರ ಹೇಳುವುದು ಶಿಲ್ಪದ ಅಳತೆಯನ್ನು. ಎರಡೂ ಮೂರ್ತಿಯ ಬಗ್ಗೆಯೇ, ಎರಡೂ ನಿಜವೇ. ಮೊದಲನೆಯದನ್ನು ತೋರಿಸಿ ‘ಶಿಲ್ಪಿಗೆ ತಲೆಯ ಅಳತೆ ತಪ್ಪಿತು’ ಎಂದವನು ಮಾತ್ರ ತಪ್ಪಿದ.

ಉಮಾಸ್ವಾತಿಯ ತತ್ತ್ವಾರ್ಥಸೂತ್ರ ಅರಿವಿನ ದಾರಿಗಳನ್ನು ಪ್ರಮಾಣ ಮತ್ತು ನಯ ಎಂದು ಎರಡಾಗಿ ಹೇಳುತ್ತದೆ. ಅನೇಕ ಧರ್ಮಗಳುಳ್ಳ ವಸ್ತುವನ್ನು ಅಖಂಡವಾಗಿ ಹಿಡಿಯುವುದು ಪ್ರಮಾಣ. ಅದರ ಒಂದು ಮುಖವನ್ನು, ಉಳಿದವನ್ನು ಅಲ್ಲಗಳೆಯದೆ ಹಿಡಿಯುವುದು ನಯ. ಅದೇ ಒಂದು ಮುಖವನ್ನು ಹಿಡಿದು ಉಳಿದವು ಇಲ್ಲವೇ ಇಲ್ಲ ಎನ್ನುವುದು ದುರ್ನಯ. ಶ್ರವಣಬೆಳಗೊಳದ ಮಲ್ಲಿಷೇಣ ಪ್ರಶಸ್ತಿ ಶಾಸನ ಹೊಗಳುವ ಸಮಂತಭದ್ರ ತನ್ನ ‘ಆಪ್ತಮೀಮಾಂಸೆ’ಯಲ್ಲಿ ಇದನ್ನು ತರ್ಕದ ಮಟ್ಟಕ್ಕೇರಿಸಿದ, ಅಕಲಂಕ ಆ ಕೃತಿಗೆ ‘ಅಷ್ಟಶತಿ’ ಬರೆದ, ವಿದ್ಯಾನಂದ ಅದನ್ನು ‘ಅಷ್ಟಸಹಸ್ರಿ’ಯಾಗಿ ಹಿಗ್ಗಿಸಿದ. ಈ ವಿಭಜನೆಯಲ್ಲಿ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸುವುದು ನಯಕ್ಕೂ ದುರ್ನಯಕ್ಕೂ ಇರುವ ಗೆರೆ. ಎರಡೂ ಕಾಣುವುದು ಒಂದನ್ನೇ. ಅವುಗಳ ವಿಷಯದಲ್ಲಿ ಕೂದಲೆಳೆಯ ವ್ಯತ್ಯಾಸವೂ ಇಲ್ಲ. ವ್ಯತ್ಯಾಸ ಇರುವುದು ಜೊತೆಗೆ ಮಾಡುವ ಹಕ್ಕುಸಾಧನೆಯಲ್ಲಿ. ಕೋಣೆಯ ಅದೇ ಫೋಟೊ ವಾಸ್ತುಶಿಲ್ಪಿಯ ಕಡತದಲ್ಲಿ ನಯ. ‘ವಿಶಾಲವಾದ ಹಾಲ್’ ಎಂಬ ಶೀರ್ಷಿಕೆ ಹೊತ್ತು ಮಾರಾಟದ ಜಾಹೀರಾತಿನಲ್ಲಿ ಬಂದಾಗ ದುರ್ನಯ. ಒಂದೇ ಒಂದು ಪಿಕ್ಸೆಲ್ ಬದಲಾಗದೆ ಸತ್ಯವು ಸುಳ್ಳಾಗಬಲ್ಲದು ಎಂಬುದನ್ನು ವಿವರಿಸಲು ಬೇರೆ ಯಾವ ಜ್ಞಾನಮೀಮಾಂಸೆಯಲ್ಲೂ ಇಷ್ಟು ಅಚ್ಚುಕಟ್ಟಾದ ಪರಿಕರ ನನಗೆ ಕಂಡಿಲ್ಲ.

ಅಗಲವೇ ಹೆಚ್ಚು ಸತ್ಯ ಎನ್ನುವವರೂ ಇದ್ದಾರೆ, ಅವರ ವಾದಕ್ಕೆ ಗೌರವದ ಪರಂಪರೆ ಇದೆ. ಫ್ರೆಂಚ್ ವಿಮರ್ಶಕ ಆಂದ್ರೆ ಬಾಜಾಂ, 1941ರ ‘ಸಿಟಿಜನ್ ಕೇನ್’ ಚಿತ್ರದಲ್ಲಿ ಛಾಯಾಗ್ರಾಹಕ ಗ್ರೆಗ್ ಟೋಲಂಡ್ ಅಗಲ ಲೆನ್ಸುಗಳಿಂದ ಸಾಧಿಸಿದ ಆಳದ ಸ್ಪಷ್ಟತೆಯನ್ನು ನೈತಿಕ ಗುಣವೆಂದೇ ಕಂಡ. ಮುಂದಿನದೂ ಹಿಂದಿನದೂ ಏಕಕಾಲಕ್ಕೆ ಸ್ಪಷ್ಟವಾಗಿರುವಾಗ ಎಲ್ಲಿ ನೋಡಬೇಕೆಂಬ ಆಯ್ಕೆ ನೋಡುಗರಿಗೇ ಉಳಿಯುತ್ತದೆ, ಬದುಕಿನ ಅನಿಶ್ಚಯ ಪರದೆಗೂ ಬರುತ್ತದೆ ಎಂಬುದು ಅವನ ತಿಳಿವು. ಇದರಲ್ಲಿ ಸತ್ಯಾಂಶ ದೊಡ್ಡದು. ಆದರೆ ಅಗಲ ಲೆನ್ಸು ಎಲ್ಲವನ್ನೂ ಒಳಗೊಳ್ಳುವುದು ಒಂದು ಬೆಲೆ ತೆತ್ತು: ಹತ್ತಿರ ನಿಂತದ್ದು ದೊರೆಯಾಗುತ್ತದೆ, ಹತ್ತು ಹೆಜ್ಜೆ ಹಿಂದೆ ಇರುವುದು ಚೌಕಟ್ಟಿನಲ್ಲಿದ್ದೂ ಗಮನದಿಂದ ಜಾರುತ್ತದೆ. ಹೊರಗಿಟ್ಟು ಮರೆಸುವುದು ಒಂದು ಬಗೆ, ಒಳಗಿಟ್ಟುಕೊಂಡೇ ಕುಗ್ಗಿಸುವುದು ಇನ್ನೊಂದು ಬಗೆ. 2020ರ ಏಪ್ರಿಲ್‌ನಲ್ಲಿ, ಕೊರೊನಾ ಕಾಲದ ಜನಸಂದಣಿಯ ಚಿತ್ರಗಳ ಬಗ್ಗೆ ಜಗಳ ಎದ್ದಾಗ, ಡೆನ್ಮಾರ್ಕಿನ ಚಿತ್ರಸಂಸ್ಥೆ ರಿಟ್ಸೌ ಸ್ಕ್ಯಾನ್‌ಪಿಕ್ಸ್‌ನ ಛಾಯಾಗ್ರಾಹಕರು ಒಂದೇ ಸ್ಥಳದ ಜನರನ್ನು ವೈಡ್ ಲೆನ್ಸಿನಿಂದಲೂ ಟೆಲಿ ಲೆನ್ಸಿನಿಂದಲೂ ತೆಗೆದು ಪಕ್ಕಪಕ್ಕದಲ್ಲಿ ಪ್ರಕಟಿಸಿದರು. ಒಂದರಲ್ಲಿ ಜನ ಅಂತರ ಕಾಯ್ದುಕೊಂಡ ಶಿಸ್ತಿನ ನಾಗರಿಕರು, ಇನ್ನೊಂದರಲ್ಲಿ ಮೈಗೆ ಮೈ ತಾಗಿಸಿ ನಿಂತ ಬೇಜವಾಬ್ದಾರರು. ಎರಡು ಚಿತ್ರಗಳೂ ಒಟ್ಟಿಗಿದ್ದಾಗ ಯಾವುದೂ ಮೋಸ ಮಾಡಲಿಲ್ಲ. ಬಿಡಿಬಿಡಿಯಾಗಿ ಹೋಗಿದ್ದರೆ ಎರಡೂ ಮಾಡಬಹುದಿತ್ತು. ಸತ್ಯ ಅಗಲದ ಕಡೆಗೂ ಇರಲಿಲ್ಲ, ಕಿರಿದಿನ ಕಡೆಗೂ ಇರಲಿಲ್ಲ.

ಲೆನ್ಸು ಪುಟ್ಟದಾದ ಬಗೆಯೇ ಇನ್ನೊಂದು ಗಂಭೀರ ಆಕ್ಷೇಪವನ್ನು ತರುತ್ತದೆ. ಎಸ್‌ಎಲ್‌ಆರ್ ಕ್ಯಾಮೆರಾಗಳಲ್ಲಿ ಲೆನ್ಸಿಗೂ ಫಿಲ್ಮಿಗೂ ನಡುವೆ ಕನ್ನಡಿ ಮೇಲೇಳಲು ಜಾಗ ಬೇಕಿತ್ತು. ನಿಕಾನ್ ಎಫ್ ಮೌಂಟಿನಲ್ಲಿ ಆ ಅಂತರ 46.5 ಮಿ.ಮೀ. ಹದಿನಾರು ಮಿ.ಮೀ. ಲೆನ್ಸನ್ನು ಅಷ್ಟು ದೂರದಿಂದ ಕೆಲಸ ಮಾಡಿಸಲು ಮುಂದೆ ದೊಡ್ಡ ಗಾಜುಗಳ ಸಾಲೇ ಬೇಕಾಗುತ್ತಿತ್ತು. ಕನ್ನಡಿ ಹೋದ ಮೇಲೆ ನಿಕಾನ್‌ನದೇ ಝಡ್ ಮೌಂಟಿನಲ್ಲಿ ಅಂತರ 16 ಮಿ.ಮೀ.ಗೆ ಇಳಿಯಿತು, ಹಳೆಯ 16–35 ಎಫ್/4 ಸುಮಾರು 680 ಗ್ರಾಂ ಇದ್ದರೆ, 2019ರ 14–30 ಎಫ್/4 ಇನ್ನೂ ಅಗಲವಾಗಿ ಕಂಡೂ 485 ಗ್ರಾಂಗೆ ಬಂತು. ಕನ್ನಡಿಯೊಂದೇ ಕಾರಣವಲ್ಲ. ಗಾಜು ನೇರ ಗೆರೆಗಳನ್ನು ಹೊರಕ್ಕೆ ಬಾಗಿಸಲು ವಿನ್ಯಾಸಕರು ಬಿಟ್ಟುಬಿಟ್ಟು, ನೆಟ್ಟಗೆ ಮಾಡುವ ಕೆಲಸವನ್ನು ಕ್ಯಾಮೆರಾದ ಗಣಕಕ್ಕೆ ವಹಿಸಿದ್ದಾರೆ. 14–30ರ ವಿಷಯದಲ್ಲಿ ಆ ತಿದ್ದುಪಡಿಯನ್ನು ಕ್ಯಾಮೆರಾದಲ್ಲಿ ನಿಲ್ಲಿಸಲೂ ಬರುವುದಿಲ್ಲ. ಹಾಗಾದರೆ ನಾವು ನೋಡುತ್ತಿರುವುದು ಬೆಳಕು ಬರೆದದ್ದೋ, ಯಂತ್ರ ಊಹಿಸಿದ್ದೋ? ಹಿಗ್ಗಿಸಿದ ಮೂಲೆಗಳಲ್ಲಿ ಸ್ವಲ್ಪ ಸೂಕ್ಷ್ಮತೆ ಹೋಗುತ್ತದೆ ಎಂಬುದನ್ನು ಒಪ್ಪಬೇಕು. ಆದರೆ ಈ ತಿದ್ದುಪಡಿಯ ಸ್ವಭಾವ ಗಮನಿಸಿ: ಅದು ಗಾಜಿನ ಬಾಗನ್ನು ಅಳೆದು ಬರೆದ ನಿಯಮ. ಎದುರಿಗೆ ಮಂತ್ರಿ ನಿಂತಿದ್ದರೂ ಕೂಲಿಯವನು ನಿಂತಿದ್ದರೂ, ದೇವಸ್ಥಾನವಿದ್ದರೂ ಚರಂಡಿಯಿದ್ದರೂ ಪ್ರತಿ ಬಿಂದುವನ್ನು ಅಷ್ಟೇ ಸರಿಸುತ್ತದೆ. ಸರಿಸಿದ್ದನ್ನು ಮರಳಿ ಹಿಂದಕ್ಕೆ ತರಲೂ ಬರುತ್ತದೆ. ಗಾಜು ಮಾಡಬೇಕಿದ್ದ ಬಾಗುವಿಕೆಯನ್ನು ಗಣಿತ ಮಾಡಿದೆ. ಗಾಜಿಗೆ ಕೊಟ್ಟ ನಂಬಿಕೆಯನ್ನು ಗಣಿತಕ್ಕೆ ಕೊಡದಿರಲು ನನಗೆ ಕಾರಣ ಕಾಣುವುದಿಲ್ಲ.

ಆದರೆ ಅಲ್ಲಿಗೇ ನಿಲ್ಲುವಂತಿಲ್ಲ. ಮೊಬೈಲ್ ಫೋನಿನ ವೈಡ್ ಚಿತ್ರಗಳಲ್ಲಿ ಅಂಚಿನ ಮುಖಗಳನ್ನು ಗುರುತಿಸಿ, ಅಷ್ಟು ಜಾಗಕ್ಕೆ ಮಾತ್ರ ಬೇರೆ ಪ್ರಕ್ಷೇಪ ಬಳಸಿ, ಹಿನ್ನೆಲೆಯ ಗೋಡೆಗಳನ್ನು ನೇರವಾಗಿಯೇ ಉಳಿಸುವ ವಿಧಾನವನ್ನು ಗೂಗಲ್‌ನ ಸಂಶೋಧಕರು 2019ರಲ್ಲಿ ಪ್ರಕಟಿಸಿದರು. ರಾಫೆಲ್ ಗೋಳಗಳಿಗೆ ಮಾಡಿದ್ದನ್ನೇ ಇದು ಮುಖಗಳಿಗೆ ಮಾಡುತ್ತದೆ. ಇಲ್ಲಿ ನಿಯಮ ಎದುರಿಗಿರುವುದೇನೆಂದು ನೋಡಿ ಬದಲಾಗುತ್ತದೆ. ಎರಡು ನಯಗಳು ಒಂದೇ ಚೌಕಟ್ಟಿನಲ್ಲಿ ಹೊಲಿಗೆ ಕಾಣದಂತೆ ಸೇರಿವೆ. ಮದುವೆಯ ಗುಂಪುಚಿತ್ರಕ್ಕೆ ಇದು ಸೊಗಸು, ಯಾಕೆಂದರೆ ಆ ಚಿತ್ರ ಹೇಳಹೊರಟಿರುವುದು ಯಾರು ಯಾರು ಬಂದಿದ್ದರು ಎಂಬುದನ್ನು. ಅಪಘಾತದ ಜಾಗದ ಚಿತ್ರವಾದರೆ, ಅಲ್ಲಿ ಯಾರು ಯಾರಿಗೆ ಎಷ್ಟು ಹತ್ತಿರವಿದ್ದರೆಂಬುದೇ ಪ್ರಶ್ನೆಯಾದರೆ, ಹೇಳದೆ ಮಾಡಿದ ಈ ಬೆರಕೆ ಸಾಕ್ಷಿಯನ್ನು ಕೆಡಿಸುತ್ತದೆ. ಇನ್ನು ಚೌಕಟ್ಟಿನ ಆಚೆಗೆ ಇಲ್ಲದ ಗೋಡೆ, ಇಲ್ಲದ ಆಕಾಶವನ್ನು ಕಲ್ಪಿಸಿ ಸೇರಿಸುವ ಹೊಸ ತಂತ್ರಾಂಶಗಳಂತೂ ಯಾವ ನಯಕ್ಕೂ ಸೇರುವುದಿಲ್ಲ. ಅವು ತೋರಿಸುವುದನ್ನು ಯಾವ ನೆಲೆಯಲ್ಲಿ ನಿಂತವರೂ ಕಂಡಿರಲಿಲ್ಲ. ನೆಲೆ ಬದಲಾದರೆ ತೋರಿಕೆ ಬದಲಾಗುತ್ತದೆ ಎಂಬ ಮಾತಿಗೂ ನೆಲೆಯೇ ಇಲ್ಲದ ತೋರಿಕೆಗೂ ಇರುವ ಕಂದಕ ಅದು.

ಈಗ ಎಲ್ಲಕ್ಕಿಂತ ಹಳೆಯ, ಎಲ್ಲಕ್ಕಿಂತ ಬಲವಾದ ಆಕ್ಷೇಪಕ್ಕೆ ಬರಬೇಕು. ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದ ಭಾಷ್ಯದಲ್ಲಿ ಶಂಕರರು, ‘ಸ್ಯಾತ್’ ಎಂಬ ಮಿತಿಯಿಟ್ಟು ಮಾತಾಡುವ ಜೈನರ ಸ್ಯಾದ್ವಾದವನ್ನು ನೇರವಾಗಿ ಎದುರಿಸುತ್ತಾರೆ. ಒಂದೇ ವಸ್ತುವಿನಲ್ಲಿ ಏಕಕಾಲಕ್ಕೆ ಇರುವಿಕೆಯೂ ಇಲ್ಲದಿರುವಿಕೆಯೂ ಸೇರುವುದು, ತಂಪು, ಬಿಸಿ ಎರಡೂ ಒಂದರಲ್ಲೇ ಸೇರಿದಂತೆ, ಅಸಂಭವ. ಎಲ್ಲವೂ ಹೀಗೂ ಹೌದು ಹಾಗೂ ಹೌದು ಎಂದಾದರೆ ಅಂಥ ಅರಿವು ಸಂಶಯಕ್ಕಿಂತ ಬೇರೆಯಲ್ಲ, ಅದನ್ನು ಬೋಧಿಸಿದವರ ಮಾತನ್ನೂ ಪ್ರಮಾಣವೆಂದು ಹಿಡಿಯಲಾಗದು ಎಂಬುದು ಅವರ ವಾದದ ಸಾರ. ಇಂದಿನ ಭಾಷೆಯಲ್ಲಿ ಇದು ಹೀಗೆ ಕೇಳುತ್ತದೆ: ಪ್ರತಿ ಚಿತ್ರವೂ ಅದರದರ ನೆಲೆಯಿಂದ ನಿಜವಾದರೆ, ಯಾವ ಚಿತ್ರವನ್ನೂ ಸುಳ್ಳೆನ್ನಲು ಬಾರದು, ಮೋಸಗಾರನಿಗೆ ಇದಕ್ಕಿಂತ ಒಳ್ಳೆಯ ವಕೀಲರು ಸಿಗಲಾರರು. ಇದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ‘ನನ್ನ ದೃಷ್ಟಿಕೋನ ನನ್ನದು’ ಎಂಬ ಮಾತು ಇಂದು ಎಷ್ಟೋ ಸುಳ್ಳುಗಳಿಗೆ ಕೊಡೆಯಾಗಿದೆ. ಆದರೆ ಸಮಂತಭದ್ರ ಹೇಳಿದ್ದು ಇಷ್ಟು ಸಡಿಲವಾದ ಮಾತನ್ನಲ್ಲ. ವಸ್ತು ‘ಇದೆ’ ಎನ್ನುವುದು ತನ್ನ ದ್ರವ್ಯ, ತನ್ನ ಕ್ಷೇತ್ರ, ತನ್ನ ಕಾಲ, ತನ್ನ ಭಾವ ಈ ನಾಲ್ಕರ ಅಪೇಕ್ಷೆಯಿಂದ, ಅಂದರೆ ಅವನ್ನು ಆಧಾರವಾಗಿ ಹಿಡಿದು; ‘ಇಲ್ಲ’ ಎನ್ನುವುದು ಪರದ್ರವ್ಯಾದಿಗಳ ಅಪೇಕ್ಷೆಯಿಂದ. ಎರಡು ಹೇಳಿಕೆಗಳ ಅಪೇಕ್ಷೆಯೇ ಬೇರೆಯಾದಾಗ ಅವು ಒಂದಕ್ಕೊಂದು ಡಿಕ್ಕಿ ಹೊಡೆಯುವುದಿಲ್ಲ. ಅಪೇಕ್ಷೆಯನ್ನು ಒಮ್ಮೆ ಗೊತ್ತುಪಡಿಸಿದ ಮೇಲೆ ಸಂಶಯಕ್ಕೆ ಎಡೆಯೇ ಇಲ್ಲ: ಇಂಥ ಬಿಂದುವಿನಿಂದ, ಇಂಥ ಕೋನದಲ್ಲಿ, ಮಟ್ಟಸವಾಗಿ ಇಟ್ಟ 16 ಮಿ.ಮೀ. ಲೆನ್ಸಿಗೆ ಗೊಮ್ಮಟ ಹೀಗೆಯೇ ಕಾಣಬೇಕು, ಬೇರೆ ರೀತಿ ಕಾಣಲಾರ. ಹಾಗೆ ಕಾಣದ ಚಿತ್ರ ಬಂದರೆ ಅದನ್ನು ಸುಳ್ಳೆಂದು ಗಣಿತದಿಂದಲೇ ಸಾಧಿಸಬಹುದು. ಅಂದರೆ ನೆಲೆಯನ್ನು ಒಪ್ಪಿಕೊಳ್ಳುವುದರಿಂದ ಸುಳ್ಳನ್ನು ಹಿಡಿಯುವ ಶಕ್ತಿ ಕುಗ್ಗುವುದಿಲ್ಲ, ಹೆಚ್ಚುತ್ತದೆ. ನೆಲೆಯನ್ನು ಹೇಳದ ಚಿತ್ರವನ್ನು ಯಾವ ಆಧಾರದ ಮೇಲೆ ಪರೀಕ್ಷಿಸುತ್ತೀರಿ? ಶಂಕರರ ಬಾಣ ನಾಟುವುದು ಅಪೇಕ್ಷೆಯನ್ನು ನುಂಗಿಕೊಂಡ ಸ್ಯಾದ್ವಾದಕ್ಕೆ. ಅಪೇಕ್ಷೆಯನ್ನು ಬಾಯಿಬಿಟ್ಟು ಹೇಳಿದ ಸ್ಯಾದ್ವಾದಕ್ಕೆ ಅದು ತಾಗುವುದಿಲ್ಲ ಎಂದು ನನ್ನ ನಂಬಿಕೆ.

ಇಷ್ಟೆಲ್ಲ ತರ್ಕ ಯಾಕೆ ಎಂದು ಕೇಳುವವರಿಗೆ ಒಂದು ಉದಾಹರಣೆ ಸಾಕು. ಮುಖದಿಂದ 30 ಸೆಂ.ಮೀ. ದೂರದಲ್ಲಿ ತೆಗೆದ ಚಿತ್ರದಲ್ಲಿ ಮೂಗಿನ ಬುಡ, 1.5 ಮೀಟರ್ ದೂರದಿಂದ ತೆಗೆದದ್ದಕ್ಕಿಂತ ಸುಮಾರು ಶೇ. 30ರಷ್ಟು ಅಗಲವಾಗಿ ಕಾಣುತ್ತದೆಂದು ಅಮೆರಿಕದ ವೈದ್ಯರು 2018ರಲ್ಲಿ ಗಣಿತದ ಮಾದರಿಯಿಂದ ತೋರಿಸಿದರು. ಸೆಲ್ಫಿಯಲ್ಲಿ ಕಂಡ ಮೂಗನ್ನು ಸರಿಪಡಿಸಿ ಎಂದು ಶಸ್ತ್ರಚಿಕಿತ್ಸೆಗೆ ಬರುವವರು ಹೆಚ್ಚಾದದ್ದು ಆ ಅಧ್ಯಯನದ ಹಿನ್ನೆಲೆ. ತನ್ನ ತೋಳಿನ ಉದ್ದದಿಂದ ಕಂಡದ್ದನ್ನು ತನ್ನ ಮುಖದ ಅಂತಿಮ ಸತ್ಯವೆಂದು ನಂಬಿ ಕತ್ತಿಗೆ ಒಡ್ಡಿಕೊಳ್ಳುವುದು ದುರ್ನಯದ ಅತ್ಯಂತ ನೋವಿನ ರೂಪ. ಅಲ್ಲಿ ಮೋಸ ಮಾಡಿದವರು ಯಾರೂ ಇಲ್ಲ. ನೆಲೆಯನ್ನು ಯಾರೂ ಹೇಳಲಿಲ್ಲ, ಅಷ್ಟೇ.

ಹೇಳುವುದು ಕಷ್ಟವೂ ಅಲ್ಲ. ಡಿಜಿಟಲ್ ಕ್ಯಾಮೆರಾ ಫೋಟೊ ಫೈಲಿನೊಳಗೆ ಸಾಮಾನ್ಯವಾಗಿ ಲೆನ್ಸಿನ ನಾಭಿದೂರವನ್ನೂ ತೆಗೆದ ಹೊತ್ತನ್ನೂ ಬರೆದಿಡುತ್ತದೆ. ಚಿತ್ರಕ್ಕೆ ಆಮೇಲೆ ಏನೇನು ಮಾಡಲಾಯಿತು ಎಂಬುದನ್ನು ಜೊತೆಗೇ ಒಯ್ಯುವ ಮಾನದಂಡಕ್ಕಾಗಿ 2021ರಲ್ಲಿ ಅಡೋಬಿ, ಮೈಕ್ರೋಸಾಫ್ಟ್, ಬಿಬಿಸಿ ಮೊದಲಾದವು ಸೇರಿ ಒಂದು ಒಕ್ಕೂಟ ಕಟ್ಟಿದವು. ಆದರೆ ನಾಭಿದೂರ ಚೌಕಟ್ಟನ್ನು ಹೇಳುತ್ತದೆಯೇ ಹೊರತು ದೃಷ್ಟಿಕೋನವನ್ನಲ್ಲ. ವಸ್ತುವಿಗೂ ಕ್ಯಾಮೆರಾಕ್ಕೂ ಇದ್ದ ದೂರವನ್ನು ಈಗಲೂ ಬಹುಮಟ್ಟಿಗೆ ಮನುಷ್ಯರೇ ಹೇಳಬೇಕು. ಸಮಂತಭದ್ರನ ನಾಲ್ಕು ಅಪೇಕ್ಷೆಗಳನ್ನು ಒಂದು ಚಿತ್ರಶೀರ್ಷಿಕೆಯಾಗಿ ಓದಿ ನೋಡಿ: ಏನು, ಎಲ್ಲಿಂದ, ಯಾವಾಗ, ಯಾವ ಬಗೆಯಲ್ಲಿ. ಜನಸಂದಣಿಯ ಚಿತ್ರ ಹಾಕುವ ಪತ್ರಿಕೆ ‘ಸಾಲಿನ ತುದಿಯಿಂದ, ನೂರು ಅಡಿ ದೂರದಿಂದ, ಟೆಲಿ ಲೆನ್ಸಿನಲ್ಲಿ’ ಎಂದು ಸೇರಿಸಲಿ. ಮನೆ ಮಾರುವವರು ಹಾಲಿನ ಚಿತ್ರದ ಕೆಳಗೆ ‘ಬಾಗಿಲ ಮೂಲೆಯಿಂದ, 16 ಮಿ.ಮೀ.ನಲ್ಲಿ, ಎದುರು ಗೋಡೆಗೆ ಹನ್ನೊಂದು ಅಡಿ’ ಎಂದು ಬರೆಯಲಿ. ಓದಿದವರಲ್ಲಿ ಹೆಚ್ಚಿನವರಿಗೆ ಹದಿನಾರರ ಅರ್ಥ ತಿಳಿಯದೆ ಹೋಗಬಹುದು, ಹನ್ನೊಂದು ಅಡಿ ಎಲ್ಲರಿಗೂ ತಿಳಿಯುತ್ತದೆ.